ಕುಲಶೇಖರದಲ್ಲಿ, ಓಮ್ನಿಯ ಕೆಳಗೆ

ಮುರಕಲ್ಲು ನಂಬಬೇಡ, ಭಾರಕ್ಕೆ ಪುಡಿಯಾಗುತ್ತದೆ ಅಂದರು ಪಪ್ಪ.
ಹಾಗಾಗಿ ತೆಂಗಿನ ಕೊರಡು, ಆಚೆ ಎರಡು, ಈಚೆ ಎರಡು,
ಅವುಗಳ ಮೇಲೆ ವ್ಯಾನು, ವ್ಯಾನಿನ ಕೆಳಗೆ ನಾನು,
ಬೆನ್ನಡಿಗೆ ಅಕ್ಕಿಯ ಗೋಣಿ,
ಹಣೆಗೆ ಗುರಿಯಿಟ್ಟು ನೇತಾಡುವ
ಒಂದು ಹನಿ ಗೇರ್ ಆಯಿಲ್.

ಲಸ್ರಾದೊ ಬ್ರಾಸ್ ಬ್ಯಾಂಡಿನ ವ್ಯಾನು ಇದು.
ಹತ್ತೊಂಬತ್ತು ವರ್ಷ ದೊಡ್ಡ ಡ್ರಮ್ಮು, ಮೂರು ಟ್ರಂಪೆಟು,
ಬೆವರಿದ ಕೆಂಪು ಕೋಟುಗಳನ್ನು ಹೊತ್ತು
ಬಜ್ಪೆಗೆ, ಬೋಂದೆಲಿಗೆ, ಕಿನ್ನಿಗೋಳಿಗೆ ಹೋದದ್ದು.
ಈಗ ನಿಂತಲ್ಲೆಲ್ಲ ಗುರುತು ಬಿಡುತ್ತದೆ.
ಇಗರ್ಜಿಯ ಅಂಗಳದಲ್ಲೊಂದು,
ಹಾಲಿನ ಎದುರಿನ ಹೊಚ್ಚಹೊಸ ಇಂಟರ್‌ಲಾಕಿನ ಮೇಲೊಂದು.
ಎರಡನೆಯದಕ್ಕೆ ಮದುಮಗನ ದೊಡ್ಡಪ್ಪನಿಂದ ಬೈಗುಳ,
ಬಾಡಿಗೆಯಲ್ಲಿ ಐನೂರು ಕಡಿತ.
ಗ್ಯಾರೇಜಿನ ಪದ್ಮರಾಜ ಬಗ್ಗಿ ನೋಡಿ
"ಗೇರ್ ಬಾಕ್ಸು ಇಳಿಸಬೇಕಾದೀತು, ಎಂಟು ಸಾವಿರ" ಅಂದ.
ಸೋಮವಾರ ಬಿಜೈಯಲ್ಲಿ ಮದುವೆ.
ಅದರ ಮುಂಗಡ ಆಗಲೇ ಗ್ಯಾಸಾಗಿ, ಬಂಗುಡೆಯಾಗಿ ಮುಗಿದಿತ್ತು.

"ಮೊದಲು ತುಂಬುವ ಬಿರಡೆ ಬಿಚ್ಚು," ಅಂದವು ಪಪ್ಪನ ಚಪ್ಪಲಿಗಳು
(ಇಲ್ಲಿಂದ ಕಾಣುವುದು ಅಷ್ಟೇ),
"ಆಮೇಲೆ ಖಾಲಿ ಮಾಡುವ ಬಿರಡೆ.
ಎಲ್ಲ ಚೆಲ್ಲಿ ಆದ ಮೇಲೆ
ತುಂಬುವ ದಾರಿ ತೆರೆಯದಿದ್ದರೆ
ಎಂತ ಮಾಡ್ತಿ ಬಾಯೆ?"
ಬಿಚ್ಚಿದೆ. ಬಂತು ಎಣ್ಣೆ,
ಹಳೇ ಬೆಲ್ಲದ ಪಾಕದ ದಪ್ಪ, ಸೀದ ಬೆಳ್ಳುಳ್ಳಿಯ ನಾತ.
ಹರಿವಾಣದಲ್ಲಿ ಸಣ್ಣಗೆ ಬೆಳ್ಳಿ ಮಿನುಗಿತು:
ನಮ್ಮ ಮೂರನೇ ಗೇರು ಅದು,
ಹತ್ತೊಂಬತ್ತು ವರ್ಷದ ಏರಿನಲ್ಲಿ ಸವೆದದ್ದು.

ನಾಲ್ಕು ಬೋಲ್ಟು ಬಿಚ್ಚಿ, ಉದ್ದದ ದಂಡ ಹಿಂದಕ್ಕೆಳೆದೆ.
ಹಳೇ ಸೀಲು ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ
ಸ್ಕ್ರೂಡ್ರೈವರಿಗೆ ತುಂಡುತುಂಡಾಗಿ ಎದ್ದು ಬಂತು.
ಹೊಸದು ಬಂದರಿನ ಅಂಗಡಿಯದು, ನೂರಾ ನಲವತ್ತು ರೂಪಾಯಿ.
ಬಾವಿ ಪಂಪಿನ ಪೈಪಿನ ತುಂಡು ಒತ್ತಿಟ್ಟು ತಟ್ಟಿದೆ.
"ಒಂದೇ ಕಡೆ ಹೊಡೆಯಬೇಡ, ಸುತ್ತ ಬಾ, ಸುತ್ತ ಬಾ."
ಟೊಮೆಟೊ ಸಾಸಿನ ಬಾಟಲಿ ಹಿಂಡಿ ಹಿಂಡಿ
ಬಿರಡೆಯ ತುಟಿಯಲ್ಲಿ ತುಳುಕುವಷ್ಟು ಹೊಸ ಎಣ್ಣೆ.
ಶಕ್ತಿನಗರದ ಏರು ಹತ್ತಿಳಿದು ಬಂದು
ಕೇಕಿನ ರಟ್ಟು ಕೆಳಗೆ ಹಾಸಿ ಚಾ ಕುಡಿದೆ.

ರಟ್ಟಿನ ಮೇಲೆ ಅದೇ ಕರಿ ನಾಣ್ಯ.

ಬೈದೆ, ಕೊಂಕಣಿಯಲ್ಲಿ, ಹುಟ್ಟಿಸಿದವರಿಗೂ ಕೇಳುವ ಹಾಗೆ.
ಹುಟ್ಟಿಸಿದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದರು.
ಮುಂದಿನ ಹಲ್ಲು ಕಟ್ಟಿಸಿದ ಮೇಲೆ ಟ್ರಂಪೆಟಿಗೆ ತುಟಿ ನಿಲ್ಲದೆ
ನಾಲ್ಕು ವರ್ಷದಿಂದ ಊದಿದವರಲ್ಲ.
ಬಹಳ ಹೊತ್ತಿನ ಮೇಲೆ ಕೇಳಿದರು,
"ಅದರ ಉಸಿರಿನ ತೂತು ಎಲ್ಲಿ?
ಒಳಗೆ ಕಾದ ಗಾಳಿ ಎಲ್ಲಿಗೆ ಹೋಗಬೇಕು ಹೇಳು."

ಕಾಣದ ಮೇಲ್ಬದಿಗೆ ಕೈಹಾಕಿ ತಡಕಿದೆ.
ಗೇರ್ ಬಾಕ್ಸಿನ ನೆತ್ತಿಯಲ್ಲಿ ಒಂದು ಪುಟ್ಟ ಟೋಪಿ,
ಟೋಪಿಯ ಮೇಲೆ ಮಣ್ಣು,
ಮಣ್ಣಲ್ಲ, ಮಡಕೆ. ಕುಂಬಾರ ಹುಳ
ತಪಸ್ಸಿನ ನಲವತ್ತು ದಿನ ಮದುವೆಯಿಲ್ಲದೆ ವ್ಯಾನು ನಿಂತಾಗ
ಎಷ್ಟು ಚಂದ ಮೆತ್ತಿತ್ತು, ಕುತ್ತಿಗೆ ಸಮೇತ!
ಒಡೆಯಲು ಕೈ ಬರಲಿಲ್ಲ, ಒಡೆದೆ.

ಟೋಪಿ ತಿರುಗಿಸಿ ಕಿತ್ತು ಪಪ್ಪನ ಕೈಗೆ ಕೊಟ್ಟೆ.
ಮೌತ್‌ಪೀಸಿನ ಬ್ರಶ್ಶು ಪೆಟ್ಟಿಗೆಯಿಂದ ಹೊರಬಂತು
ಇಷ್ಟು ದಿನಕ್ಕೆ. ತಿಕ್ಕಿದರು, ಬೆಳಕಿಗೆ ಹಿಡಿದರು,
ಮತ್ತೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಊದಿದರು.
ಸ್ವರ ಬರಲಿಲ್ಲ. ಬರೀ ಗಾಳಿ.
"ಆಯ್ತು," ಅಂದರು. ತುಟಿಯಲ್ಲಿ ಕಪ್ಪು ಉಂಗುರ.

ರಾತ್ರಿ ಜಪಮಾಲೆಯುದ್ದಕ್ಕೂ ಮಮ್ಮಿ ಮೂಗು ಮುಚ್ಚಿಕೊಂಡೇ
ನಮೋ ಮರಿಯೆ ಹೇಳಿದರು.

ಬೆಳಿಗ್ಗೆ ಹೊಸ ರಟ್ಟು ಒಣಕಲು.
ಮುಚ್ಚಲು ಮರೆತ ಹರಿವಾಣದಿಂದ
ಅಡಿಗೆಮನೆಯ ಹೊಸ್ತಿಲಿನವರೆಗೆ
ಬೆಕ್ಕಿನ ಹೆಜ್ಜೆಗಳು ಸಾಲಾಗಿ,
ಪ್ರತಿ ಹೆಜ್ಜೆಯಲ್ಲಿ ಒಂದಿಷ್ಟು ಮಿನುಗುವ
ಮೂರನೇ ಗೇರು.